ದೂರಿಲ್ಲದ ಮನೆ

"ಇವತ್ತು ನೋವು ಅಷ್ಟೇನೂ ಇರ್ಲಿಲ್ಲ. ಅದಕ್ಕೆ ದೇವರಿಗೆ ಸ್ತೋತ್ರ," ಎಂದಳು ಗುಮಾಸ್ತರ ಹೆಂಡತಿ, ಮೂರು ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡು.

"ಸುಳ್ಳು," ಎಂದಳು ಮಗಳು.

ಪ್ರಾರ್ಥನೆಯ ಹೊತ್ತಿನಲ್ಲಿ ಆ ಮನೆಯಲ್ಲಿ ಅಂಥ ಮಾತನ್ನು ಯಾರೂ ಆಡಿದ್ದಿಲ್ಲ. ಗುಮಾಸ್ತರು ಕಣ್ಣು ತೆರೆದರು. ಮೇಜಿನ ಮೇಲೆ ನಾಲ್ಕು ಮೇಣದಬತ್ತಿಗಳಿದ್ದವು, ಒಂದನ್ನು ಮಾತ್ರ ಹಚ್ಚಿದ್ದರು. ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಇದು ಮೊದಲನೆಯದು. ಊಟದ ಮೇಜನ್ನು ಈ ಸಲ ಮಲಗುವ ಕೋಣೆಗೇ ತಂದಿದ್ದರು. ಬಾಗಿಲಲ್ಲಿ ಅದು ತೂರದೆ, ಮಗಳು ಅದರ ಕಾಲುಗಳನ್ನು ಬಿಚ್ಚಿ ಒಳಗೆ ತಂದು ಮತ್ತೆ ಜೋಡಿಸಿದ್ದಳು. ಒಂದು ಕಾಲಿನ ತಿರುಪು ಸರಿಯಾಗಿ ಕೂತಿರಲಿಲ್ಲ. ಯಾರಾದರೂ ಮೊಣಕೈ ಊರಿದರೆ ಉರಿ ಅಲ್ಲಾಡುತ್ತಿತ್ತು.

"ಮಧ್ಯಾಹ್ನ ಹಾಸಿಗೆ ಬಟ್ಟೆ ಬದಲಾಯಿಸಿದ್ದು ನಾನು," ಎಂದಳು ಮಗಳು. "ದಿಂಬು ಕಚ್ಚಿ ಹಿಡಿದಿದ್ದೆ ನೀನು. ಹಲ್ಲಿನ ಗುರುತು ಇನ್ನೂ ಇದೆ. ತಂದು ತೋರಿಸ್ಲಾ ಅಪ್ಪನಿಗೆ?"

"ಮೊದಲು ಪ್ರಾರ್ಥನೆ ಮುಗೀಲಿ."

"ಮುಗೀತು. ಈಗ ನನ್ನ ಸರದಿ ತಾನೆ? ನನ್ಹತ್ರ ಹೇಳೋಕೆ ಯಾವ ಸ್ತೋತ್ರಾನೂ ಇಲ್ಲ."

ಅವಳು ಎದ್ದು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳತೊಡಗಿದಳು. ಮೂವತ್ತು ದಾಟಿದ ಹೆಣ್ಣು, ಇಪ್ಪತ್ತೆರಡು ಮಕ್ಕಳನ್ನು ದಿನಾ ಎರಡು ಹೊತ್ತು ಶಾಲೆಯ ವ್ಯಾನಿನಲ್ಲಿ ಹೊತ್ತು ತಿರುಗುವವಳು, ಗದ್ದಲಕ್ಕೆ ಹೆದರುವವಳಲ್ಲ. ಗುಮಾಸ್ತರು ಹೆಂಡತಿಯ ಕಡೆ ನೋಡಿದರು. ಆಕೆ ಕಣ್ಣು ಮುಚ್ಚಿಯೇ, "ನಿಮ್ಮ ಸರದಿ ಬಂತು," ಎಂದು ನೆನಪಿಸಿದಳು. ಅವರು ಏನೋ ಹೇಳಿದರು. ಏನು ಹೇಳಿದೆ ಎಂದು ಆಮೇಲೆ ಕೇಳಿದ್ದರೆ ಅವರಿಗೇ ಗೊತ್ತಿರುತ್ತಿರಲಿಲ್ಲ.

ಈ ಪದ್ಧತಿಯನ್ನು ತಂದವರು ಅವರೇ. ನಗರದ ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತ ಮನುಷ್ಯ ಅವರು. ನಲ್ಲಿಯಲ್ಲಿ ನೀರು ಬರುವುದಿಲ್ಲ, ಬಂದರೆ ಕೆಂಪಗೆ ಬರುತ್ತದೆ, ಪಕ್ಕದ ಮನೆಗೆ ಬಂದದ್ದು ನಮಗೇಕೆ ಬರುವುದಿಲ್ಲ. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಊರಿನ ಸಿಟ್ಟೆಲ್ಲ ಆ ಒಂದು ಅಡಿ ಅಗಲದ ಕಿಟಕಿಯಲ್ಲಿ ಒಳಗೆ ನುಗ್ಗುತ್ತಿತ್ತು. ಸಹೋದ್ಯೋಗಿಗಳು ಅವರಿಗೆ 'ಕಿವಿ' ಎಂದೇ ಹೆಸರಿಟ್ಟಿದ್ದರು. "ಕಿವಿಯವರು ಊಟಕ್ಕೆ ಹೋಗಿದಾರೆ, ಆಮೇಲೆ ಬನ್ನಿ," ಎಂದು ಬಂದವರಿಗೆ ಹೇಳಿ ಕಳಿಸುತ್ತಿದ್ದರು. ಅವರು ದನಿ ಏರಿಸಿದ್ದನ್ನು, ಮುಖ ಗಂಟಿಕ್ಕಿದ್ದನ್ನು ಕಂಡವರಿಲ್ಲ. ಬೈದವರ ಮಾತನ್ನೂ ತಲೆಯಾಡಿಸುತ್ತ ಕೇಳಿ, "ಆಯ್ತು, ಮುಂದಕ್ಕೆ ಹೇಳಿ," ಎನ್ನುತ್ತಿದ್ದರು. ಆ ತಾಳ್ಮೆಯೆಲ್ಲ ಕಚೇರಿಯಲ್ಲೇ ಖರ್ಚಾಗಿ, ಮನೆಗೆ ಬರುವಷ್ಟರಲ್ಲಿ ತಲೆ ಚಿಟ್ಟು ಹಿಡಿದಿರುತ್ತಿತ್ತು.

ಮಗಳಿಗೆ ಆರು ವರ್ಷವಿದ್ದಾಗ, ಹೀಗೆಯೇ ಕ್ರಿಸ್‌ಮಸ್ ಹತ್ತಿರ ಬಂದ ಒಂದು ಸಂಜೆ, ಅವರು ಹೊಸ್ತಿಲು ದಾಟುತ್ತಿದ್ದ ಹಾಗೆ ಒಲೆ ಕೆಟ್ಟಿದೆ ಎಂದು ಹೆಂಡತಿ ಹೇಳಿದಳು, ಚಪ್ಪಲಿ ಕಚ್ಚುತ್ತದೆ ಎಂದು ಮಗಳು ಅತ್ತಳು. ಗುಮಾಸ್ತರು ಚೀಲ ಕೆಳಗಿಡದೆ ನಿಂತಲ್ಲೇ ಆಜ್ಞೆ ಹೊರಡಿಸಿದರು. "ಇವತ್ತಿಂದ ಕ್ರಿಸ್‌ಮಸ್ ತನಕ ಈ ಮನೇಲಿ ಯಾರೂ ದೂರು ಹೇಳೋ ಹಾಗಿಲ್ಲ. ದೂರು ಬಾಯಿಗೆ ಬಂದ್ರೆ ಅದನ್ನ ಸ್ತೋತ್ರ ಮಾಡಿ ಹೇಳಿ." ತಪ್ಪಿದವರು ಶನಿವಾರ ಕೂತು ಮನೆಮಂದಿಯ ಶೂಗಳಿಗೆಲ್ಲ ಪಾಲಿಶ್ ಹಾಕಬೇಕು, ಕೃತಜ್ಞತೆಯ ಜೊತೆಗೆ ಒಂದಿಷ್ಟು ದೀನತೆಯೂ ಬರಲಿ ಎಂದು. ಆಧಾರಕ್ಕೆ ಬೈಬಲ್ಲಿನ ಒಂದು ವಾಕ್ಯವನ್ನೂ ಹುಡುಕಿ ಗೋಡೆಗೆ ಅಂಟಿಸಿದರು.

ಇದು ಕೆಟ್ಟ ನಿಯಮವಾಗಿತ್ತು ಎಂದರೆ ಸುಳ್ಳಾಗುತ್ತದೆ. ಆ ನಾಲ್ಕು ವಾರ ಮನೆಯಲ್ಲಿ ನಗು ಹೆಚ್ಚಿರುತ್ತಿತ್ತು. "ಅಪ್ಪ ಬದುಕಿದಾರೆ ಅಂತ ರಾತ್ರಿಯೆಲ್ಲ ಗೊರಕೇಲಿ ತಿಳಿಸ್ತಾರೆ, ಅದಕ್ಕೆ ಸ್ತೋತ್ರ," ಎಂದು ಎಂಟು ವರ್ಷದ ಮಗಳು ಹೇಳಿದಾಗ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಸೀದ ಅಡುಗೆಗೆ, ಬಸ್ಸು ತಪ್ಪಿದ್ದಕ್ಕೆ, ಹೊಲಿಗೆ ಯಂತ್ರದ ಮುರಿದ ಸೂಜಿಗೆ, ಎಲ್ಲಕ್ಕೂ ಒಂದು ಸ್ತೋತ್ರ ಹುಟ್ಟುತ್ತಿತ್ತು. ಚರ್ಚಿನ ಸಭಾಪಾಲಕರ ಕಿವಿಗೆ ಇದು ಬಿದ್ದು, ಅವರು ವೇದಿಕೆಯ ಮೇಲಿಂದ ಹೊಗಳಿ, ಸಭೆಯ ಎಷ್ಟೋ ಮನೆಗಳು ಇದನ್ನು ಕಲಿತವು. ಗುಮಾಸ್ತರು ಆ ದಿನ ತಲೆ ತಗ್ಗಿಸಿ ಕೂತಿದ್ದರು. ಒಳಗೊಳಗೆ ಹಿಗ್ಗದೆ ಇರಲು ಅವರೇನು ಕಲ್ಲೇ?

ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಅವರ ಹೆಂಡತಿ. ಮೊದಮೊದಲು ಎರಡು ವರ್ಷ ಶೂ ಪಾಲಿಶ್ ಹಾಕಿದ್ದು ಬಿಟ್ಟರೆ ಆಕೆಯ ಬಾಯಲ್ಲಿ ದೂರು ಬಂದದ್ದಿಲ್ಲ. ಬರುಬರುತ್ತ ನಾಲ್ಕು ವಾರದ ವ್ರತ ಆಕೆಗೆ ವರ್ಷವಿಡೀ ಅಂಟಿಕೊಂಡಿತು. ಕಿಟಕಿಯ ಪರದೆ ಹೊಲಿಯುವ, ಹಳೆಯ ಬಟ್ಟೆ ಬಿಗಿ ಮಾಡಿ ಸಡಿಲ ಮಾಡಿ ಕೊಡುವ ಕೆಲಸ ಆಕೆಯದು. ಬೆನ್ನು ಬಿದ್ದುಹೋದರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. "ನಿಮ್ಮ ಹೆಂಡ್ತಿ ದೇವರ ಕೊಡುಗೆ ಕಣ್ರೀ," ಎನ್ನುತ್ತಿದ್ದರು ಜನ. ಹೌದು ಎಂದು ಇವರೂ ಒಪ್ಪುತ್ತಿದ್ದರು.

ಹೋದ ವರ್ಷ ಇದೇ ನಾಲ್ಕು ವಾರಗಳಲ್ಲಿ ಆಕೆ ಊಟ ಕಡಿಮೆ ಮಾಡಿದಳು. ಕ್ರಿಸ್‌ಮಸ್ ಕಳೆಯಿತು, ಹೊಸ ವರ್ಷ ಬಂತು, ಸೀರೆಗೆ ಎರಡು ನೆರಿಗೆ ಹೆಚ್ಚಾಗುವಷ್ಟು ಸೊರಗಿದಳು. ಫೆಬ್ರವರಿಯಲ್ಲಿ ಹೊಲಿಗೆ ಯಂತ್ರದ ಮೇಲೆಯೇ ಕುಸಿದಾಗ ಮಗಳು ವ್ಯಾನಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದಳು. ಡಾಕ್ಟರು ಸ್ಕ್ಯಾನಿನ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿ, "ಯಾವಾಗಿಂದ ನೋವು?" ಎಂದು ಕೇಳಿದರು. "ಕ್ರಿಸ್‌ಮಸ್‌ಗಿಂತ ಸ್ವಲ್ಪ ಮೊದಲಿಂದ," ಎಂದಳು ಆಕೆ, ಏನೋ ತಪ್ಪು ಮಾಡಿದವಳ ಹಾಗೆ. ಹೊರಗೆ ಬಂದ ಮೇಲೆ ಡಾಕ್ಟರು ಗುಮಾಸ್ತರೊಬ್ಬರಿಗೇ ಹೇಳಿದರು: "ಆಗಲೇ ಕರ್ಕೊಂಡು ಬಂದಿದ್ರೆ ಗಡ್ಡೆ ಕತ್ತರಿಸಿ ತೆಗೀಬಹುದಿತ್ತೇನೋ. ಈಗ ಹಬ್ಬಿಬಿಟ್ಟಿದೆ."

ಆ 'ಏನೋ' ಎಂಬ ಒಂದು ಮಾತು ಗುಮಾಸ್ತರನ್ನು ಹತ್ತು ತಿಂಗಳಿಂದ ತಿನ್ನುತ್ತಿತ್ತು.

ಸೋಮವಾರ, ಗುರುವಾರ ಮಧ್ಯಾಹ್ನ ನಾಲ್ಕಕ್ಕೆ ಮನೆಗೇ ಒಬ್ಬ ನರ್ಸ್ ಬರುತ್ತಿದ್ದರು. ದಪ್ಪ ದೇಹದ, ಮೆಟ್ಟಿಲು ಹತ್ತಿ ಏದುಸಿರು ಬಿಡುವ ಹೆಂಗಸು. ಬಂದವರೇ ಕುರ್ಚಿ ಎಳೆದುಕೊಂಡು, ಮಣಿಕಟ್ಟು ಹಿಡಿದು, ಅದೇ ಪ್ರಶ್ನೆ ಕೇಳುವರು. "ಸೊನ್ನೆ ಅಂದ್ರೆ ಏನೂ ಇಲ್ಲ, ಹತ್ತು ಅಂದ್ರೆ ತಡ್ಕೊಳ್ಳೋಕೇ ಆಗಲ್ಲ. ಇವತ್ತೆಷ್ಟಮ್ಮಾ?"

"ಎರಡು."

ಬೇಸಿಗೆಯಿಂದಲೂ ಎರಡು. ಕಾಲು ಊದಿದಾಗಲೂ ಎರಡು, ಊಟ ಒಳಗೆ ನಿಲ್ಲದಾದಾಗಲೂ ಎರಡು. ಮೊದಲನೇ ಮೇಣದಬತ್ತಿ ಹಚ್ಚಿದ ಮಾರನೆಯ ದಿನ ನರ್ಸ್ ಗುಮಾಸ್ತರನ್ನು ಪಡಸಾಲೆಗೆ ಕರೆದರು.

"ಬಾಯಿ ಎರಡು ಅನ್ನುತ್ತೆ, ನಾಡಿ ಬೇರೆ ಹೇಳುತ್ತೆ. ನನಗೆ ಅನುಮಾನ ಇದೆ ಅಂತ ಹೋದ ತಿಂಗಳೇ ಬರೆದು ಕೊಟ್ಟೆ. ಡಾಕ್ಟರು ಫೋನ್ ಮಾಡಿದ್ರೆ ನಿಮ್ಮನೆಯವರು 'ಚೆನ್ನಾಗಿದೀನಿ ಡಾಕ್ಟ್ರೇ, ಹೆಚ್ಚಿಗೆ ಔಷಧ ಬೇಡ' ಅಂದುಬಿಟ್ರು. ಇನ್ನು ಮೇಲೆ ಬೇಕಾಗೋದು ಬಲವಾದ ಔಷಧ. ಅವರ ಬಾಯಿಂದ ಬರದೆ ಯಾರೂ ಕೊಡಲ್ಲ. ಏನಾದ್ರೂ ಮಾಡಿ ಹೇಳಿಸಿ. ಸುಮ್ನೆ ನರಳೋದು ಯಾಕೆ? ಇರೋದು ಇನ್ನೆಷ್ಟು ದಿನ?"

ಗುರುವಾರ ನರ್ಸ್ ಕೇಳುವ ಮೊದಲೇ ಗುಮಾಸ್ತರು, "ಎಂಟು ಅಂತ ಬರ್ಕೊಳ್ಳಿ," ಎಂದರು. ಆಕೆ ದಿಂಬಿನಿಂದ ತಲೆ ಎತ್ತದೆ ನಕ್ಕಳು. "ಹೊಟ್ಟೆ ನನ್ನದಾ ಇವರದಾ, ಸ್ವಲ್ಪ ವಿಚಾರಿಸಿ. ಎರಡು, ನರ್ಸಮ್ಮ." ಆ ಮಾತು ಆಡುವಷ್ಟರಲ್ಲಿ ಆಕೆಯ ಮೇಲ್ತುಟಿಯ ಮೇಲೆ ಬೆವರು ಸಾಲುಗಟ್ಟಿತ್ತು.

ಅಂದು ಸಂಜೆ ಗುಮಾಸ್ತರು ಗೋಡೆಯ ಮೇಲಿನ ಹಳದಿಯಾದ ಕಾಗದವನ್ನು ಕಿತ್ತು ಹಾಕಿದರು. "ನಿಯಮ ಇವತ್ತಿಗೆ ಮುಗೀತು. ಇನ್ಮೇಲೆ ಈ ಮನೇಲಿ ಯಾರು ಏನು ಬೇಕಾದ್ರೂ ದೂರಬಹುದು."

"ನೀವು ತಂದಿದ್ದು ನಿಮಗೆ ಬೇಡವಾದ್ರೆ ಬಿಡಿ," ಎಂದಳು ಹೆಂಡತಿ. "ನನಗದು ರೂಢಿಯಾಗಿಹೋಗಿದೆ. ಈ ವಯಸ್ಸಲ್ಲಿ ಹೊಸದಾಗಿ ಗೊಣಗೋದು ಯಾರು ಕಲಿಸ್ತಾರೆ?" ಕಾಗದ ಕಿತ್ತ ಜಾಗವನ್ನು ನೋಡಿ, "ಗೋಡೆ ಬಣ್ಣ ಎದ್ದುಬಂತು ನೋಡಿ," ಎಂದಳು. ಅವರು ಆಸೆಯಿಂದ ತಿರುಗಿ ನೋಡಿದರು. "ಒಳಗಿನ ಹಸಿರು ಚೆನ್ನಾಗಿದೆ. ನಾವು ಬಂದ ವರ್ಷ ಹೊಡೆಸಿದ್ದು. ಮತ್ತೆ ಕಾಣಿಸ್ತಲ್ಲ, ಸ್ತೋತ್ರ."

ಅವರಿಗೆ ಅಳು ಬಂತು. ಪಡಸಾಲೆಗೆ ಹೋಗಿ ಕೂತು ಅತ್ತರು.

ಆ ಶನಿವಾರ ಮಧ್ಯಾಹ್ನ ಸಭಾಪಾಲಕರು ಆಕೆಗೆ ಪ್ರಭುಭೋಜನ ಕೊಡಲು ಬಂದರು. ಇವರಿಗಿಂತ ಹತ್ತು ವರ್ಷ ಚಿಕ್ಕವರು, ಒಳ್ಳೆಯವರು, ರೋಗಿಗಳ ಕೋಣೆಗೆ ಬಂದಾಗ ಶೂ ಹೊರಗೆ ಬಿಟ್ಟು ಕಾಲ್ಚೀಲದಲ್ಲಿ ಸದ್ದಿಲ್ಲದೆ ನಡೆಯುವವರು. ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ನೆನೆಸಿ ಆಕೆಯ ನಾಲಿಗೆಯ ಮೇಲಿಟ್ಟು, ಪ್ರಾರ್ಥನೆ ಮಾಡಿ, ಆಕೆಯ ಕೈ ಹಿಡಿದುಕೊಂಡು ಕೂತರು.

"ನಾಳೆ ಪ್ರಸಂಗದಲ್ಲಿ ನಿಮ್ಮ ಬಗ್ಗೆ ನಾಲ್ಕು ಮಾತು ಹೇಳ್ತೀನಮ್ಮ. ಇಷ್ಟು ಬಾಧೆಯಲ್ಲೂ ಒಂದು ದೂರಿಲ್ಲ. ಇಂಥ ದೀನತೆ ಸಭೆಯವರಿಗೆ ಗೊತ್ತಾಗ್ಬೇಕು."

"ಬೇಡ," ಎಂದರು ಗುಮಾಸ್ತರು.

"ಹೊಗಳಿಕೆ ಅಂತಲ್ಲ, ಅಣ್ಣಾವ್ರೇ. ಸಾಕ್ಷಿ ಅಂತ."

"ದಯವಿಟ್ಟು ಬೇಡ ಪಾಸ್ಟರ್." ಅವರು ಕಿಟಕಿಯ ಬಳಿ ನಿಂತಿದ್ದವರು ಕೋಣೆಯ ನಡುವೆ ಬಂದರು. ಮಗಳು ನೀರಿನ ಲೋಟಗಳ ತಟ್ಟೆ ಹಿಡಿದು ಆಗತಾನೇ ಬಾಗಿಲಿಗೆ ಬಂದಿದ್ದಳು. ಅವಳನ್ನು ನೋಡಿಯೂ ಅವರು ನಿಲ್ಲಿಸಲಿಲ್ಲ. "ಹೋದ ವರ್ಷ, ಎರಡನೇ ವಾರ. ಊಟ ಆಗಿತ್ತು. ಇವಳು ಪಕ್ಕೆಲುಬಿನ ಕೆಳಗೆ ಕೈ ಇಟ್ಕೊಂಡು, 'ರೀ, ಇಲ್ಲಿ ಒಂಥರಾ ಆಗ್ತಿದೆ...' ಅಂದ್ಲು. ಅಂದ್ಲು ಪಾಸ್ಟರ್. ನನಗೆ ಹೇಳಿದ್ಲು. ನಾನು ಹೀಗೆ ಬೆರಳೆತ್ತಿ, ನಕ್ಕೊಂಡು, 'ಏಯ್, ಶೂ ಪಾಲಿಶ್!' ಅಂದೆ. ಅಷ್ಟೆ. ಇವಳೂ ನಕ್ಕಳು. 'ತಿಂದಿದ್ದು ಇಟ್ಕೊಳ್ಳೋಕೆ ಒಂದು ಹೊಟ್ಟೆ ಕೊಟ್ಟಿದಾನಲ್ಲ, ಸ್ತೋತ್ರ' ಅಂದ್ಲು. ಆಮೇಲೆ ಆ ಮಾತು ಎತ್ತಲೇ ಇಲ್ಲ."

ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಅವರು ಅದನ್ನು ಕೆಳಗಿಳಿಸಿದರು.

ಮಗಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಅಪ್ಪನ ಮುಖವನ್ನು ಒಮ್ಮೆ ನೋಡಿ, ಮೆಟ್ಟಿಲಿಳಿದು ಬೀದಿಗೆ ಹೋದಳು. ವ್ಯಾನಿನ ಬಾಗಿಲು ತೆರೆದ, ಧಡ್ಡನೆ ಮುಚ್ಚಿದ ಸದ್ದು ಕೇಳಿಸಿತು. ಎಂಜಿನ್ ಶುರುವಾಗುತ್ತದೆ ಎಂದು ಕೋಣೆಯಲ್ಲಿದ್ದ ಮೂವರೂ ಕಾದರು. ಆಗಲಿಲ್ಲ.

"ಅದನ್ಯಾಕೆ ಈಗ ಹೇಳಿದ್ರಿ?" ಆಕೆಯ ದನಿ ಚುರುಕಾಗಿತ್ತು. "ಅವಳಿಗೆ ಗೊತ್ತಾಗ್ಬಾರ್ದು ಅಂತ ಒಂದು ವರ್ಷದಿಂದ ನಾನು ಬಾಯಿಗೆ ಬೀಗ ಹಾಕ್ಕೊಂಡಿದೀನಿ. ನಾಳೆ ನಾನಿರಲ್ಲ. ನೀವಿಬ್ರೇ ಈ ಮನೇಲಿ ಮುಖ ಮುಖ ನೋಡ್ಕೊಂಡು ಇರ್ಬೇಕಾದವರು. ಬುದ್ಧಿ ಇದೆಯಾ ನಿಮಗೆ?"

ಇಪ್ಪತ್ತೈದು ವರ್ಷಗಳಲ್ಲಿ ಆ ದನಿ ಗುಮಾಸ್ತರ ಕಿವಿಗೆ ಬಿದ್ದಿರಲಿಲ್ಲ. ಸಭಾಪಾಲಕರು ಎದ್ದು ನಿಂತರು, ಮತ್ತೆ ಕೂತರು. "ವೇದಿಕೆ ಮೇಲಿಂದ ಇದನ್ನ ಊರಿಗೆಲ್ಲ ಹೇಳಿಕೊಟ್ಟವನು ನಾನು," ಎಂದರು ಕೊನೆಗೆ. "ಎಷ್ಟು ಮನೇಲಿ ಏನೇನು ನುಂಗ್ಕೊಂಡು ಕೂತಿದಾರೋ ನನಗೆ ಗೊತ್ತಿಲ್ಲ." ಹೋಗುವಾಗ ಅವರು ವ್ಯಾನಿನ ಕಿಟಕಿಯ ಬಳಿ ನಿಂತರು. ಒಳಗಿನವಳು ಗಾಜು ಇಳಿಸಲಿಲ್ಲ.

ಗುಮಾಸ್ತರು ಮಂಚದ ಬಳಿ ಕೂತರು. "ಈಗ ಬೈದೆಯಲ್ಲ, ಹಾಗೇ ಬೈ. ಇನ್ನೂ ಬೈ."

"ಬೈದ್ರೆ ಏನು ಬರುತ್ತೆ?"

"ಸೋಮವಾರ ನರ್ಸ್ ಬಂದಾಗ ನಿಜ ಹೇಳ್ತೀಯಾ?"

ಆಕೆ ಗಂಡನ ಕಡೆ ಮುಖ ಹೊರಳಿಸಿದಳು. "ಮೊದಲ ಸಲ ಆಸ್ಪತ್ರೇಲಿ ನೋವಿಗೆ 'ಅಮ್ಮಾ' ಅಂದುಬಿಟ್ಟೆ, ನೆನಪಿದೆಯಾ? ಆವಾಗ ನಿಮ್ಮ ಮುಖ ನೋಡಿದೆ. ಬೆರಳೆತ್ತಿದ್ದು ನಿಮಗೆ ನೆನಪಿದೆ ಅಂತ ಆವತ್ತೇ ಗೊತ್ತಾಯ್ತು ನನಗೆ. ನಾನು ಒಂದು ಸಲ ಹಾ ಅಂದ್ರೆ ನಿಮಗೆ ಚಾಟಿಯೇಟು ಬಿದ್ದ ಹಾಗೆ. ಇಲ್ಲಿ ಮಲಗಿದೋಳಿಗೆ ನೋಡೋಕೆ ಇರೋದು ನಿಮ್ಮ ಮುಖ ಒಂದೇ. ಅದನ್ನ ಹಾಗೆ ನೋಡೋದಕ್ಕಿಂತ ಎರಡು ಅನ್ನೋದು ಸುಲಭ."

ಇಷ್ಟು ದಿನ ಗುಮಾಸ್ತರು ತಮ್ಮ ಪಶ್ಚಾತ್ತಾಪ ಬರೀ ತಮ್ಮ ಪಾಡು ಎಂದುಕೊಂಡಿದ್ದರು. ಅದಕ್ಕೂ ಆಕೆಯೇ ಹಲ್ಲು ಕಚ್ಚುತ್ತಿದ್ದಳು. ಕಂಡ ಕಂಡವರಿಗೆಲ್ಲ ಮೂವತ್ತೊಂದು ವರ್ಷ ಅಲುಗದ ಮುಖ ತೋರಿಸಿದ ಮನುಷ್ಯ, ಹೆಂಡತಿಗೆ ಮಾತ್ರ ಅಂಥದೊಂದು ಮುಖ ಕೊಡಲಿಲ್ಲ.

ಭಾನುವಾರ ಎರಡನೇ ಮೇಣದಬತ್ತಿ ಹಚ್ಚಿದರು. ಮಗಳು ಅಮ್ಮನ ಎಲ್ಲ ಕೆಲಸ ಮಾಡಿದಳು, ಅಪ್ಪನ ಜೊತೆ ಒಂದು ಮಾತೂ ಆಡಲಿಲ್ಲ. ತಟ್ಟೆಯನ್ನು ಅವರ ಮುಂದೆ ಇಡುವಾಗ ಅವರ ಕೈ ತಗಲದ ಹಾಗೆ ನೋಡಿಕೊಂಡಳು.

ಸೋಮವಾರ ಎರಡು ಗಂಟೆಗೆ, ಮಗಳು ಶಾಲೆಯ ಕಡೆ ಹೊರಟ ಮೇಲೆ, ಗುಮಾಸ್ತರು ಮುಖ ತೊಳೆದು, ತಲೆ ಬಾಚಿ, ಕುರ್ಚಿಯನ್ನು ಮಂಚಕ್ಕೆ ಹತ್ತಿರ ಎಳೆದುಕೊಂಡು, ಆಕೆಯ ಕೈ ಹಿಡಿದು ಕೂತರು. ಆಕೆ ನೋಡುತ್ತಿದ್ದಳು.

"ಇದೇನಿದು, ಹೆಣ್ಣು ನೋಡೋಕೆ ಬಂದ ಹಾಗೆ?"

"ನನ್ನ ಮೇಲೆ ಏನೇನು ದೂರಿದೆ, ಹೇಳು. ಎಲ್ಲರದೂ ಕೇಳಿದೀನಿ, ನಿಂದೊಂದೂ ಕೇಳಿಲ್ಲ. ಚಿಕ್ಕದರಿಂದ ಶುರು ಮಾಡು. ನನ್ನ ಮುಖ ನೋಡ್ಕೊಂಡೇ ಹೇಳು. ಏನೂ ಆಗಲ್ಲ ಇದಕ್ಕೆ."

"ಸುಮ್ನಿರಿ."

"ಒಂದು."

ಆಕೆ ಸೂರು ನೋಡಿದಳು. "ನಿಮ್ಮ ಕೈ ತಣ್ಣಗಿದೆ," ಎಂದಳು. ಅವರು ಕೈ ತೆಗೆದು ಉಜ್ಜಿ ಬಿಸಿ ಮಾಡಿಕೊಂಡರು. "ಆಯ್ತು. ಮುಂದಕ್ಕೆ ಹೇಳು."

"ಪ್ರಾರ್ಥನೆ ಉದ್ದ ಮಾಡ್ತೀರಿ. ಊಟ ಆರಿಹೋಗುತ್ತೆ."

"ಮುಂದಕ್ಕೆ."

"ಆರಾಧನೇಲಿ ನೀವು ಹಾಡೋದು... ದೇವರು ಕ್ಷಮಿಸ್ತಾನೆ, ಮುಂದಿನ ಸಾಲಲ್ಲಿ ಕೂತವರು ಕ್ಷಮಿಸಲ್ಲ." ಆಕೆಗೆ ನಗು ಬಂತು, ನಗು ಹೊಟ್ಟೆಗೆ ತಾಕಿ ಮುಖ ಕಿವುಚಿಕೊಂಡಿತು. ಗುಮಾಸ್ತರು ತಮ್ಮ ಮುಖವನ್ನು ಬಿಗಿಹಿಡಿದು ಕೂತರು. ಆಕೆ ಅದನ್ನು ಗಮನಿಸಿದಳು. ಮುಂದಿನದು ತಾನಾಗಿಯೇ ಬಂತು. "ಮೂವತ್ತಮೂರು ವರ್ಷ ನನ್ನನ್ನ ಗೋಡೆ ಪಕ್ಕ ಮಲಗಿಸಿದ್ರಿ. ಎದ್ದು ಹೋಗ್ಬೇಕಂದ್ರೆ ನಿಮ್ಮನ್ನ ದಾಟ್ಕೊಂಡು ಹೋಗ್ಬೇಕು. ಎಷ್ಟೋ ಸಲ ಹಾಗೇ ತಡ್ಕೊಂಡು ಮಲಗಿದ್ದೆ."

"ಹೌದು."

"ನಮ್ಮಮ್ಮ ತೀರ್ಕೊಂಡಾಗ ರಜ ಸಿಗಲ್ಲ ಅಂದ್ರಿ. ಕೇಳಿದ್ರೆ ಸಿಗ್ತಿತ್ತು. ನೀವು ಕೇಳ್ಲಿಲ್ಲ. ನಾನೊಬ್ಳೇ ಮಗುನ ಎತ್ಕೊಂಡು ರೈಲಲ್ಲಿ ಹೋದೆ. ಮಣ್ಣು ಮುಚ್ಚಿಯಾಗಿತ್ತು. ಸ್ಮಶಾನದ ಬಾಗಿಲಲ್ಲಿ ಚರ್ಚಿನವರು ಯಾರೋ, 'ಯಜಮಾನರು ಬರ್ಲಿಲ್ವಾ?' ಅಂತ ಕೇಳಿದ್ರು. ಅವರಿಗೆ ಜ್ವರ ಅಂದೆ. ಚರ್ಚಿನವರ ಹತ್ರ ಸುಳ್ಳು ಹೇಳಿಸಿದ್ರಿ ನನ್ನ ಕೈಲಿ."

"ಕೇಳ್ಲಿಲ್ಲ ನಾನು," ಎಂದರು ಅವರು. "ರಜ ಕೇಳ್ಲಿಲ್ಲ. ಹೌದು."

ಆಕೆಯ ಉಸಿರು ಜೋರಾಯಿತು. ಅವರು ಕಾದರು. ಬೀದಿಯಲ್ಲಿ ಯಾರೋ ಏಣಿ ಎಳೆದುಕೊಂಡು ಹೋದರು.

"ಆವತ್ತು ನೀವು ಬೆರಳೆತ್ತಿದಾಗ ನಾನು ನಗಬಾರ್ದಾಗಿತ್ತು," ಎಂದಳು.

"ಅದು ನಿನ್ನ ಮೇಲಿನ ದೂರು. ನನ್ನ ಮೇಲಿನದು ಹೇಳು."

"ಬೇಡ ಬಿಡಿ."

"ಹೇಳು."

"ಕೇಳ್ಬೇಕಾಗಿತ್ತು ನೀವು. ನಾನು ಯಾವತ್ತೂ ಏನೂ ಹೇಳದೋಳು ಅಂತ ನಿಮಗೆ ಗೊತ್ತಿತ್ತು. ಅಂಥೋಳು ಒಂದು ಸಲ ಬಾಯಿ ಬಿಟ್ರೆ, ಏನೇ ಅದು, ಎಲ್ಲಿ ನೋವು, ಅಂತ ಕೇಳ್ಬೇಕಾಗಿತ್ತು. ಮಾರನೇ ದಿನವಾದ್ರೂ ಕೇಳ್ಬೇಕಾಗಿತ್ತು. ನಾನು ಕಾದೆ ರೀ. ಪ್ರತಿ ಸಂಜೆ ನಿಮ್ಮ ಸರದಿ ಬಂದಾಗ, ಇವತ್ತು ಕೇಳ್ತಾರೆ ಅಂತ ಕಾದೆ. ನೀವು ನನ್ನಂಥ ಹೆಂಡತೀನ ಕೊಟ್ಟಿದ್ದಕ್ಕೆ ಸ್ತೋತ್ರ ಹೇಳಿ ಮೇಣದಬತ್ತಿ ಆರಿಸಿಬಿಡ್ತಿದ್ರಿ."

ಗುಮಾಸ್ತರಿಗೆ ನೆಲದ ಮೇಲೆ ಬಿದ್ದು ಹೊರಳಬೇಕೆನ್ನಿಸಿತು, ಆಕೆಯ ಕಾಲು ಹಿಡಿಯಬೇಕೆನ್ನಿಸಿತು. ಹಾಗೆ ಮಾಡಿದರೆ ಆಕೆಯೇ ತನ್ನನ್ನು ಸಮಾಧಾನ ಮಾಡಬೇಕಾಗುತ್ತದೆ ಎಂದು ತಿಳಿದು ಕದಲದೆ ಕೂತರು. "ಹೌದು," ಎಂದರು. "ಕೇಳ್ಬೇಕಾಗಿತ್ತು." ಕ್ಷಮಿಸು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನೂ ಕೇಳಲಿಲ್ಲ, ಕೇಳಿದರೆ ಆಕೆ ಕೊಟ್ಟೇಬಿಡುತ್ತಿದ್ದಳು.

ಆಕೆ ಅವರ ಮುಖವನ್ನು ನೋಡುತ್ತಲೇ ಇದ್ದಳು. ಅದು ಮುರಿದು ಬೀಳಲಿಲ್ಲ. ಹಾಗೇ ಇಬ್ಬರೂ ಕೂತಿದ್ದಾಗ ಮೆಟ್ಟಿಲ ಮೇಲೆ ನರ್ಸಿನ ಏದುಸಿರು ಕೇಳಿಸಿತು.

"ಸೊನ್ನೆ ಅಂದ್ರೆ ಏನೂ ಇಲ್ಲ," ಎಂದು ನರ್ಸ್ ಮಣಿಕಟ್ಟು ಹಿಡಿದು ಶುರು ಮಾಡಿದರು. "ಹತ್ತು ಅಂದ್ರೆ..."

"ಒಂಬತ್ತು," ಎಂದಳು ಆಕೆ, ಗಂಡನ ಮುಖದಿಂದ ಕಣ್ಣು ತೆಗೆಯದೆ. "ಒಂಬತ್ತು, ನರ್ಸಮ್ಮ. ತುಂಬಾ ನೋಯುತ್ತೆ. ಅಯ್ಯೋ, ತುಂಬಾ ನೋಯುತ್ತೆ ನನಗೆ..."

ಅಷ್ಟು ದಿನ ಅಮುಕಿ ಹಿಡಿದಿದ್ದ ನೋವೆಲ್ಲ ಒಂದೇ ಸಲ ಗಂಟಲಿಗೆ ಬಂದು, ಆಕೆ ಬಾಯಿ ಬಿಟ್ಟು ಕೂಗಿ ಅತ್ತಳು. ಬೀದಿಯಲ್ಲಿ ವ್ಯಾನ್ ನಿಲ್ಲಿಸುತ್ತಿದ್ದ ಮಗಳು ಆ ಕೂಗು ಕೇಳಿ, ಬೀಗವನ್ನೂ ಹಾಕದೆ ಎರಡೆರಡು ಮೆಟ್ಟಿಲು ಹಾರಿ ಓಡಿಬಂದಳು. ಅವಳು ಬರುವಷ್ಟರಲ್ಲಿ ನರ್ಸ್ ಡಾಕ್ಟರಿಗೆ ಫೋನ್ ಹಚ್ಚಿ, ಭುಜ ಮತ್ತು ಕಿವಿಯ ನಡುವೆ ಫೋನನ್ನು ಸಿಕ್ಕಿಸಿಕೊಂಡು, ಚೀಲದೊಳಗೆ ಕೈ ಹಾಕಿದ್ದರು. ಗುಮಾಸ್ತರು ಹೆಂಡತಿಯ ಎರಡೂ ಕೈ ಹಿಡಿದು, ಕುರ್ಚಿಯ ತುದಿಯಲ್ಲಿ ಕೂತು, "ಹೌದು, ಹೌದು," ಎನ್ನುತ್ತಿದ್ದರು.

ಸೂಜಿ ಚುಚ್ಚಿದ ಹದಿನೈದು ನಿಮಿಷಕ್ಕೆ ಆಕೆಯ ಹುಬ್ಬುಗಳ ನಡುವಿನ ಗಂಟು ಸಡಿಲವಾಯಿತು. ಬಾಯಿ ತೆರೆದು ನಿದ್ದೆ ಹೋದಳು. ಬೇಸಿಗೆಯ ನಂತರ ಮೊದಲ ಬಾರಿಗೆ ಕೈಕಾಲು ಚಾಚಿ ಮಲಗಿದ್ದಳು. ಆ ಮುಖದಲ್ಲಿ ನೋವಿಲ್ಲದಾಗ ಆಕೆ ಹೇಗಿದ್ದಳೆಂಬುದು ಗುಮಾಸ್ತರಿಗೆ ಮರೆತೇಹೋಗಿತ್ತು. ಕ್ರಿಸ್‌ಮಸ್ ತನಕ ಇರುತ್ತಾರೆ ಎಂದು ಹೇಳಲಾರೆ ಎಂದು ನರ್ಸ್ ಬಾಗಿಲಲ್ಲಿ ಮೆಲ್ಲಗೆ ಹೇಳಿ ಹೋದರು.

ಸಂಜೆ ಆರಕ್ಕೆ ಆಕೆ ಕಣ್ಣು ಬಿಟ್ಟು ಹಾಲು ಕೇಳಿದಳು. ಗುಮಾಸ್ತರು ಬಿಸಿ ಮಾಡಿ ತಂದರು. ಆಕೆ ಒಂದು ಗುಟುಕು ಕುಡಿದು, "ನಾಲಿಗೆ ಸುಡುತ್ತೆ ರೀ," ಎಂದಳು. ಅವರು ಅಡುಗೆಮನೆಗೆ ಹೋಗಿ ಆರಿಸಿಕೊಂಡು ಬಂದರು. "ಈಗ ತಣ್ಣೀರಿನ ಹಾಗಿದೆ. ಕೆನೆ ಬೇರೆ ಬಿಟ್ಟಿದೀರಿ." ಅವರು ಮತ್ತೆ ಹೋದರು. ಮಗಳು ಒಲೆಯ ಮುಂದೆ ನಿಂತು ಬ್ರೆಡ್ಡು ಸುಡುತ್ತಿದ್ದಳು. ಅವಳು ಅಪ್ಪನ ಕಡೆ ನೋಡಲಿಲ್ಲ, ಮಾತಾಡಲಿಲ್ಲ; ಬ್ರೆಡ್ಡಿನ ಕಾವಲಿಯನ್ನು ಒಂದು ಪಕ್ಕಕ್ಕೆ ತಳ್ಳಿ ಹಾಲಿನ ಪಾತ್ರೆಗೆ ಜಾಗ ಮಾಡಿದಳು. ಗುಮಾಸ್ತರು ಕೆನೆಯನ್ನು ಚಮಚದಲ್ಲಿ ಎತ್ತಿ ತೆಗೆದು, ಪಾತ್ರೆಯ ಹೊರಮೈಗೆ ಅಂಗೈ ತಾಗಿಸಿ ನೋಡುತ್ತ ನಿಂತರು.

"ಇನ್ನೂ ಎಷ್ಟು ಹೊತ್ತು?" ಎಂದು ಕೋಣೆಯಿಂದ ಆಕೆ ಕೂಗಿದಳು.